ಬಿಟ್ಟುಕೊಟ್ಟದ್ದರ ಲೆಕ್ಕ

ಹನ್ನೊಂದನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಒಂದು ಭಾನುವಾರ ಸಂಜೆ ಅರ್ಥಶಾಸ್ತ್ರದ ಪಠ್ಯಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟಳು. ಪುಟದ ಮೇಲೆ ಹೊರಕ್ಕೆ ಬಾಗಿದ ಒಂದು ರೇಖೆಯಿತ್ತು. ಒಂದು ಅಕ್ಷದ ಮೇಲೆ ಜೋಳ, ಇನ್ನೊಂದರ ಮೇಲೆ ಹತ್ತಿ. "ಇದಕ್ಕೆ ಪುಸ್ತಕದಲ್ಲಿಲ್ಲದ ಒಂದು ಉದಾಹರಣೆಯನ್ನು ಬರೆದುಕೊಂಡು ಬರಬೇಕಂತೆ ಅಪ್ಪ, ಏನು ಬರೆಯಲಿ?" ಎಂದಳು. ನಾನು ಓದಿದ್ದು ಆಂಗ್ಲ ಸಾಹಿತ್ಯ, ಅನ್ನ ತಿನ್ನುತ್ತಿರುವುದು ಕೇಂದ್ರ ಸರ್ಕಾರದ ಕಡತಗಳಿಂದ. ಅರ್ಥಶಾಸ್ತ್ರದೊಡನೆ ನನ್ನ ಸಂಬಂಧ ತಿಂಗಳ ಕೊನೆಯ ವಾರಕ್ಕೆ ಸೀಮಿತವಾದದ್ದು. ಆದರೂ ಅವಳನ್ನು ಮಹಡಿಯ ಮೇಲಕ್ಕೆ ಕರೆದೊಯ್ದು ಪಶ್ಚಿಮಕ್ಕೆ ಕೈತೋರಿಸಿದೆ. ಅಲ್ಲಿ ಜೀಡಿಮೆಟ್ಲಾದ ಹೊಗೆಕೊಳವೆಗಳು ಕಾಣುತ್ತಿದ್ದವು. ಅಂದು ಆರಂಭವಾದ ಮಾತು ನನ್ನ ಮನಸ್ಸಿನಲ್ಲಿ ಇನ್ನೂ ಮುಗಿದಿಲ್ಲ. ಈ ಬರಹ ಅದರ ಮುಂದುವರಿಕೆ.

ಮೊದಲು ಆ ರೇಖೆಯ ವಿಚಾರ. ಒಂದು ಸಮಾಜದ ಕೈಯಲ್ಲಿರುವ ನೆಲ, ದುಡಿಮೆ, ಬಂಡವಾಳ, ತಿಳಿವಳಿಕೆ ಇವೆಲ್ಲವೂ ಒಂದು ಕಾಲಕ್ಕೆ ಇಷ್ಟೇ ಎಂದು ಇರುತ್ತವೆ. ಅವನ್ನೆಲ್ಲ ಪೂರ್ತಿಯಾಗಿ ಬಳಸಿ ಎರಡು ವಸ್ತುಗಳನ್ನು ಯಾವ ಯಾವ ಪ್ರಮಾಣಗಳಲ್ಲಿ ತಯಾರಿಸಬಹುದು ಎಂಬುದನ್ನು ತೋರಿಸುವುದೇ ಉತ್ಪಾದನಾ ಸಾಧ್ಯತೆಯ ರೇಖೆ. ರೇಖೆಯ ಮೇಲೆ ನಿಂತವನಿಗೆ ಒಂದನ್ನು ಹೆಚ್ಚಿಸಬೇಕಾದರೆ ಇನ್ನೊಂದನ್ನು ಕಡಿಮೆ ಮಾಡದೆ ಬೇರೆ ದಾರಿಯಿಲ್ಲ. ಹಾಗೆ ಬಿಟ್ಟುಕೊಟ್ಟದ್ದರಲ್ಲಿ ಅತ್ಯುತ್ತಮವಾದುದೇ ಪಡೆದದ್ದರ ನಿಜವಾದ ಬೆಲೆ. ಅದನ್ನೇ ಕನ್ನಡದ ಪಠ್ಯಪುಸ್ತಕಗಳು ಅವಕಾಶ ವೆಚ್ಚ ಎನ್ನುತ್ತವೆ. ಆಸ್ಟ್ರಿಯಾದ ವೀಸರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ವಿಚಾರವನ್ನು ಬೆಳೆಸಿದ. 1932ರಲ್ಲಿ ಲಯೊನೆಲ್ ರಾಬಿನ್ಸ್ ಅರ್ಥಶಾಸ್ತ್ರವೆಂಬ ಶಾಸ್ತ್ರವನ್ನೇ ಕೊರತೆ ಮತ್ತು ಆಯ್ಕೆಗಳ ಅಧ್ಯಯನವೆಂದು ವಿವರಿಸಿದ. 1948ರಲ್ಲಿ ಪಾಲ್ ಸ್ಯಾಮ್ಯುಯೆಲ್ಸನ್ ತನ್ನ ಪಠ್ಯಪುಸ್ತಕದಲ್ಲಿ ಬಂದೂಕು ಮತ್ತು ಬೆಣ್ಣೆಯ ಉದಾಹರಣೆಯ ಮೂಲಕ ಇದನ್ನು ಲೋಕದ ವಿದ್ಯಾರ್ಥಿಗಳ ಬಾಯಿಗೆ ಹಾಕಿದ. ಆದರೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಮಾತು ಇನ್ನೂ ಮೊದಲೇ ಪರಿಚಿತ. ಥೋರೋನ 'ವಾಲ್ಡನ್' ಪ್ರಕಟವಾದದ್ದು 1854ರಲ್ಲಿ. ಅದರ ಮೊದಲ ಅಧ್ಯಾಯವೇ ಮಿತವ್ಯಯದ ಕುರಿತಾದದ್ದು, ಮತ್ತು ಅಲ್ಲಿ ಅವನು ವಸ್ತುಗಳ ಬೆಲೆಯನ್ನು ಹಣದಲ್ಲಿ ಅಲ್ಲ, ಅವುಗಳಿಗಾಗಿ ತೆರಬೇಕಾದ ಬದುಕಿನ ಪ್ರಮಾಣದಲ್ಲಿ ಅಳೆಯುತ್ತಾನೆ.

ರೇಖೆ ನೇರವಾಗಿರದೆ ಹೊರಕ್ಕೆ ಬಾಗಿರುವುದೇಕೆ ಎಂದು ಮಗಳು ಕೇಳಿದಳು. ಒಂದು ಊರಿನಲ್ಲಿ ನೂರು ಎಕರೆ ಭೂಮಿ ಇದೆಯೆಂದು ಕಲ್ಪಿಸಿಕೋ ಎಂದೆ. ಮೊದಲ ಕಾರ್ಖಾನೆ ಬಂದಾಗ ಯಾರೂ ಉಳದ ಕಲ್ಲುನೆಲವನ್ನು ಕೊಡುತ್ತಾರೆ. ಊರು ಕಳೆದುಕೊಳ್ಳುವುದು ನಾಲ್ಕು ಮೂಟೆ ಜೋಳ, ಒಂದಿಷ್ಟು ದನದ ಮೇವು. ಎರಡನೆಯದು ಬಂದಾಗ ಮಳೆಯಾಶ್ರಿತ ಹೊಲ ಹೋಗುತ್ತದೆ. ಹತ್ತನೆಯದು ಬರುವ ಹೊತ್ತಿಗೆ ಕೆರೆಯ ಕೆಳಗಿನ ಗದ್ದೆಯೇ ಬೇಕಾಗುತ್ತದೆ. ಕಾರ್ಖಾನೆಗಳು ಒಂದೇ ಅಳತೆಯವು, ಆದರೆ ಪ್ರತಿಯೊಂದಕ್ಕೂ ಊರು ತೆರುವ ಬೆಲೆ ಹಿಂದಿನದಕ್ಕಿಂತ ಹೆಚ್ಚು. ರೇಖೆ ಬಾಗುವುದು ಅದಕ್ಕಾಗಿ.

ಇದು ಕಲ್ಪಿತ ಊರು. ಆದರೆ ಜೀಡಿಮೆಟ್ಲಾದ ಕಥೆ ಇದರಿಂದ ಬಹಳ ದೂರದ್ದಲ್ಲ. ಇದು ಹೈದರಾಬಾದಿನ ಉತ್ತರದ ಅಂಚಿನಲ್ಲಿದ್ದ ಒಂದು ಹಳ್ಳಿ. ಇಲ್ಲಿನ ದೊಡ್ಡ ಕೆರೆಯನ್ನು ಈಗ ಫಾಕ್ಸ್ ಸಾಗರ ಎನ್ನುತ್ತಾರೆ. 1897ರಲ್ಲಿ, ನಿಜಾಮರ ಆಳ್ವಿಕೆಯಲ್ಲಿ ಕಟ್ಟಿದ್ದು. ನೆರೆಯ ಬಾಲಾನಗರದಲ್ಲಿ ಸೋವಿಯತ್ ನೆರವಿನಿಂದ ಸರ್ಕಾರಿ ಔಷಧ ಕಾರ್ಖಾನೆ ಐಡಿಪಿಎಲ್ ಸ್ಥಾಪನೆಯಾಯಿತು. ಆ ಸಂಸ್ಥೆಯ ಹುಟ್ಟು 1961ರದು. ಹತ್ತಿರದ ಚಿಂತಲ್ ಕಡೆ ಎಚ್‌ಎಂಟಿಯ ಯಂತ್ರೋಪಕರಣ ಘಟಕ ಬಂತು. 1973ರಲ್ಲಿ ಆಂಧ್ರಪ್ರದೇಶದ ಕೈಗಾರಿಕಾ ಮೂಲಸೌಕರ್ಯ ನಿಗಮ ಹುಟ್ಟಿದ ಬಳಿಕ ಜೀಡಿಮೆಟ್ಲಾ ಹಂತ ಹಂತವಾಗಿ ಬೆಳೆಯಿತು. ಔಷಧ, ರಾಸಾಯನಿಕ, ಪ್ಲಾಸ್ಟಿಕ್, ಲೋಹ, ಪ್ಯಾಕಿಂಗ್ ಹೀಗೆ ಸಣ್ಣ ಮತ್ತು ಮಧ್ಯಮ ಉದ್ಯಮಗಳ ದೊಡ್ಡ ಸಂತೆಯೇ ಇಲ್ಲಿ ನೆರೆಯಿತು. ಕಾರ್ಖಾನೆಗಳ ಕೊಳೆನೀರನ್ನು ಸೇರಿಸಿ ಶುದ್ಧೀಕರಿಸುವ ಸಾಮೂಹಿಕ ಘಟಕ ಬಂದದ್ದು 1980ರ ದಶಕದ ಕೊನೆಗೆ, ಅಂದರೆ ಕಾರ್ಖಾನೆಗಳು ಬಂದು ಒಂದು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ನಡುವಿನ ವರ್ಷಗಳ ವೆಚ್ಚವನ್ನು ಯಾವ ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿಯೂ ಹುಡುಕಿ ಪ್ರಯೋಜನವಿಲ್ಲ. ಅದನ್ನು ತೆತ್ತದ್ದು ಇಲ್ಲಿನ ನೆಲ ಮತ್ತು ಬಾವಿ.

ಹಾಗೆಂದು ಜೀಡಿಮೆಟ್ಲಾ ಬರಬಾರದಿತ್ತು ಎಂದು ಹೇಳುವವನು ನಾನಲ್ಲ. ಪಡೆದದ್ದೂ ಕೆಲವೊಮ್ಮೆ ಲೆಕ್ಕಕ್ಕೆ ಸಿಗುವುದಿಲ್ಲ. ಐಡಿಪಿಎಲ್ ಸಂಸ್ಥೆಯನ್ನು 1992ರಲ್ಲಿ ರೋಗಗ್ರಸ್ತವೆಂದು ಘೋಷಿಸಲಾಯಿತು. ಕಡತದ ದೃಷ್ಟಿಯಲ್ಲಿ ಅದೊಂದು ನಷ್ಟದ ಕಥೆ. ಆದರೆ ಅಲ್ಲಿ ಕೆಲಸ ಕಲಿತ ಅಂಜಿ ರೆಡ್ಡಿಯವರು 1984ರಲ್ಲಿ ಡಾ. ರೆಡ್ಡೀಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಂದ ಹೊರಬಂದ ರಸಾಯನಶಾಸ್ತ್ರಜ್ಞರು ಈ ನಗರವನ್ನು ದೇಶದ ಔಷಧ ರಾಜಧಾನಿಗಳಲ್ಲಿ ಒಂದನ್ನಾಗಿಸಿದರು. ಸರ್ಕಾರಿ ಕಾರ್ಖಾನೆಯ ನಷ್ಟದ ಕಲಮಿನ ಎದುರಿಗೆ ಈ ಲಾಭವನ್ನು ಬರೆದುಕೊಂಡವರು ವಿರಳ. ಅದೇ ಐಡಿಪಿಎಲ್ ಅವಸಾನದಲ್ಲಿ ಮಗಳಿಗೆ ಇನ್ನೊಂದು ಪಾಠವೂ ಸಿಕ್ಕಿತು. ನೆಲವಿದೆ, ಕಟ್ಟಡವಿದೆ, ತಿಳಿದವರಿದ್ದಾರೆ, ಆದರೂ ಯಂತ್ರಗಳು ನಿಂತಿವೆ. ಇದು ರೇಖೆಯ ಮೇಲಿನ ಬಿಂದುವಲ್ಲ, ರೇಖೆಯ ಒಳಗಿನ ಬಿಂದು. ಅಲ್ಲಿ ನಿಂತ ಸಮಾಜ ಏನನ್ನೂ ಪಡೆಯದೆಯೇ ಕಳೆದುಕೊಳ್ಳುತ್ತಿರುತ್ತದೆ.

ಈಗ ಜೀಡಿಮೆಟ್ಲಾ ಮತ್ತೊಂದು ಆಯ್ಕೆಯ ಮುಂದೆ ನಿಂತಿದೆ. 2025ರ ನವೆಂಬರಿನಲ್ಲಿ ತೆಲಂಗಾಣ ಸರ್ಕಾರ ನಗರದ ಹಳೆಯ ಕೈಗಾರಿಕಾ ಭೂಮಿಯನ್ನು ಪರಿವರ್ತಿಸುವ ನೀತಿಯೊಂದನ್ನು ಪ್ರಕಟಿಸಿತು. ಹೊರವರ್ತುಲ ರಸ್ತೆಯ ಒಳಗೆ ಮತ್ತು ಆಸುಪಾಸಿನಲ್ಲಿರುವ ಕೈಗಾರಿಕಾ ಪ್ರದೇಶಗಳಲ್ಲಿ, ನಿಗದಿತ ಶುಲ್ಕ ತೆತ್ತು, ಮನೆ, ಕಚೇರಿ, ಅಂಗಡಿಗಳನ್ನು ಕಟ್ಟಲು ಇದರಿಂದ ಅವಕಾಶವಾಗುತ್ತದೆ. ಒಟ್ಟು ವಿಸ್ತೀರ್ಣ ಒಂಬತ್ತು ಸಾವಿರ ಎಕರೆಗೂ ಹೆಚ್ಚು. ಬಾಲಾನಗರ, ಸನತ್‌ನಗರ, ನಾಚಾರಂಗಳೊಡನೆ ಜೀಡಿಮೆಟ್ಲಾ ಕೂಡ ಚರ್ಚೆಯ ನಡುವಿದೆ. ಮಾಲಿನ್ಯಕಾರಕ ಕಾರ್ಖಾನೆಗಳು ಜನವಸತಿಯಿಂದ ದೂರ ಹೋಗುತ್ತವೆ, ಬೊಕ್ಕಸಕ್ಕೆ ಹಣ ಬರುತ್ತದೆ ಎಂಬುದು ಸರ್ಕಾರದ ವಾದ. ಹಿಂದೆ ಅಗ್ಗದಲ್ಲಿ ಹಂಚಿದ ನೆಲವನ್ನು ಮಾರುಕಟ್ಟೆಯ ಬೆಲೆಗಿಂತ ಬಹಳ ಕಡಿಮೆಗೆ ಖಾಸಗಿಯವರ ಕೈಗೆ ಕೊಟ್ಟಂತಾಗುತ್ತದೆ ಎಂಬುದು ವಿರೋಧಿಗಳ ವಾದ.

ನನ್ನ ಸ್ವಾರ್ಥವನ್ನು ಮುಚ್ಚಿಡುವುದಿಲ್ಲ. ಕೆಲವು ರಾತ್ರಿಗಳಲ್ಲಿ ಗಾಳಿ ಈ ಕಡೆಗೆ ತಿರುಗಿದಾಗ ನಾವು ಕಿಟಕಿಗಳನ್ನು ಮುಚ್ಚಿ ಮಲಗುತ್ತೇವೆ. ಕಾರ್ಖಾನೆಗಳು ಹೋದರೆ ನನ್ನ ಉಸಿರಿಗೂ ಲಾಭ, ನನ್ನ ಫ್ಲಾಟಿನ ಬೆಲೆಗೂ ಲಾಭ. ಆದ್ದರಿಂದಲೇ ಈ ಆಯ್ಕೆಯ ವೆಚ್ಚವನ್ನು ಕೇಳಬೇಕಾದ ಮೊದಲಿಗ ನಾನು ಎಂದು ಭಾವಿಸಿದ್ದೇನೆ.

ಪಠ್ಯಪುಸ್ತಕದ ರೇಖೆಯ ಮೇಲೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಪೆನ್ಸಿಲು ಸರಾಗವಾಗಿ ಜಾರುತ್ತದೆ. ಜೋಳ ಬೆಳೆದವನು ಹತ್ತಿಗೆ ಹೋಗುತ್ತಾನೆ, ಬೇಕಾದರೆ ಮರುವರ್ಷ ಜೋಳಕ್ಕೆ ಮರಳುತ್ತಾನೆ. ನೆಲದ ಮೇಲಿನ ಬದುಕು ಹಾಗಿಲ್ಲ. ಕಾರ್ಖಾನೆ ಇದ್ದ ಜಾಗದಲ್ಲಿ ಮೂವತ್ತು ಅಂತಸ್ತಿನ ವಸತಿ ಎದ್ದರೆ ಅಲ್ಲಿ ಮತ್ತೆ ಕಾರ್ಖಾನೆ ಬರುವುದಿಲ್ಲ. ಬೆಂಗಳೂರಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿನ್ನಿ ಮಿಲ್ಲಿನ ನೆಲದ ಮೇಲೆ ಈಗ ಬಹುಮಹಡಿ ಮನೆಗಳಿವೆ. 1961ರಲ್ಲಿ ಗಡಿಯಾರ ತಯಾರಿಸಲಾರಂಭಿಸಿದ ಎಚ್‌ಎಂಟಿಯ ಗಡಿಯಾರ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ನನ್ನ ತಂದೆಯ ಕೈಗಡಿಯಾರ ಇಂದಿಗೂ ಕೀಲಿ ಕೊಟ್ಟರೆ ನಡೆಯುತ್ತದೆ, ಅದನ್ನು ಜೋಡಿಸಿದ ಕೈಗಳ ಕೌಶಲ ಮಾತ್ರ ಯಾವ ಕೀಲಿಗೂ ಮರಳದು. ಕೆಲವು ಆಯ್ಕೆಗಳಿಗೆ ಹಿಂದಿರುಗುವ ದಾರಿಯಿಲ್ಲ, ಹಾಗಾಗಿ ಅವುಗಳ ವೆಚ್ಚವನ್ನು ಮುಂಚಿತವಾಗಿಯೇ ಎರಡು ಸಲ ಎಣಿಸಬೇಕು.

ಇದಕ್ಕೆ ಫಾಕ್ಸ್ ಸಾಗರವೇ ಸಾಕ್ಷಿ. ಕೆರೆಯ ಸುತ್ತ ಬಡಾವಣೆಗಳು ಹಬ್ಬಿದಾಗ ಅಲ್ಲಿ ಬಿಟ್ಟುಕೊಡುತ್ತಿರುವುದು ಏನನ್ನು ಎಂದು ಯಾರಿಗೂ ತೋಚಲಿಲ್ಲ. ಬಿಟ್ಟುಕೊಟ್ಟದ್ದು ಮಳೆನೀರಿಗೆ ಬೇಕಾಗಿದ್ದ ಎಡೆ. 2020ರ ಅಕ್ಟೋಬರಿನ ಮಹಾಮಳೆಯಲ್ಲಿ ಕೆರೆ ತುಂಬಿ ಕೊಂಪಲ್ಲಿಯ ಉಮಾಮಹೇಶ್ವರ ಕಾಲೊನಿಯ ಮನೆಗಳಿಗೆ ನೀರು ನುಗ್ಗಿ ದಿನಗಟ್ಟಲೆ ನಿಂತಿತು. ಅವಕಾಶ ವೆಚ್ಚವೆಂಬುದು ಕಣ್ಣಿಗೆ ಕಾಣದ ವೆಚ್ಚ ಎನ್ನುತ್ತಾರೆ. ಕೆಲವೊಮ್ಮೆ ಅದು ಸೊಂಟದವರೆಗಿನ ನೀರಾಗಿ ಬಂದು ಕಾಣಿಸಿಕೊಳ್ಳುತ್ತದೆ. ಆದರೆ ನಿವೇಶನ ಮಾರಿ ಹೋದವನ ಮನೆಗಲ್ಲ, ಕೊಂಡವನ ಮನೆಗೆ.

ರೇಖೆ ಮರೆಮಾಡುವ ಎರಡನೆಯ ಸಂಗತಿ ಇದೇ. ಅದು ಸಮಾಜವನ್ನು ಒಬ್ಬನೇ ಮನುಷ್ಯನೆಂಬಂತೆ ಚಿತ್ರಿಸುತ್ತದೆ. ಒಬ್ಬನೇ ಮನುಷ್ಯ ಬೆಣ್ಣೆ ಬಿಟ್ಟು ಬಂದೂಕು ಕೊಂಡರೆ ಬಿಟ್ಟವನೂ ಅವನೇ, ಪಡೆದವನೂ ಅವನೇ. ಊರಿನ ವಿಷಯದಲ್ಲಿ ಪಡೆಯುವವರು ಒಬ್ಬರು, ಬಿಟ್ಟುಕೊಡುವವರು ಬೇರೊಬ್ಬರು. ಷಾಪುರನಗರದ ಚಹಾದಂಗಡಿಯೊಂದರಲ್ಲಿ ನನಗೆ ಪರಿಚಯವಾದ ಬೀದರ ಜಿಲ್ಲೆಯ ಕಾರ್ಮಿಕರೊಬ್ಬರಿದ್ದಾರೆ. ಹದಿನಾರು ವರ್ಷಗಳಿಂದ ಪ್ಲಾಸ್ಟಿಕ್ ಅಚ್ಚಿನ ಯಂತ್ರದ ಮುಂದೆ ನಿಂತವರು. ನಾನು ಕನ್ನಡ ಮಾತಾಡುವುದನ್ನು ಕೇಳಿ ಅವರೇ ಮಾತಿಗೆ ಬಂದರು. ಹೊಸ ನೀತಿಯ ಮಾತು ತೆಗೆದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಕಾರ್ಖಾನಿ ಊರ ಹೊರಗ ಹೋದ್ರ ನಾನೂ ಅದರ ಹಿಂದ ಹೋಗ್ತೀನ್ರಿ. ಮಕ್ಕಳ ಸಾಲಿ ನನ್ನ ಹಿಂದ ಬರೂದಿಲ್ಲಲ್ರಿ."

ಈ ಒಂದು ಮಾತು ನನಗೆ ಯಾವ ಪಠ್ಯದಲ್ಲಿಯೂ ಸಿಕ್ಕಿರಲಿಲ್ಲ. ಎಕರೆಗಳ ಲೆಕ್ಕ ಹಾಕುವವರು ಕಾರ್ಖಾನೆಯನ್ನು ಒಂದು ಕಟ್ಟಡವೆಂದು ಭಾವಿಸುತ್ತಾರೆ. ಅದರ ಸುತ್ತ ಬಾಡಿಗೆ ಮನೆಗಳು, ಶಾಲೆಗಳು, ಉದ್ದರಿ ಕೊಡುವ ಕಿರಾಣಿ ಅಂಗಡಿ, ರಾತ್ರಿಪಾಳಿ ಮುಗಿಸಿ ನಡೆದು ಮನೆ ಸೇರಬಹುದಾದ ದೂರ ಎಲ್ಲವೂ ಇರುತ್ತವೆ. ಇವನ್ನೆಲ್ಲ ಲಾರಿಯಲ್ಲಿ ಹೇರಿ ಹೊರವರ್ತುಲ ರಸ್ತೆಯಾಚೆ ಸಾಗಿಸಲು ಬಾರದು. ಅಪಾಯಕಾರಿ ಕಾರ್ಖಾನೆ ಮನೆಗಳ ನಡುವೆ ಇರಬಾರದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಆಗ ಆ ಕಾರ್ಮಿಕನ ಮಕ್ಕಳ ಶಾಲೆಯೂ ವೆಚ್ಚದ ಕಲಮಿಗೆ ಬರಬೇಕು, ಪರಿವರ್ತನೆಯ ಶುಲ್ಕದಿಂದ ಬಂದ ಹಣದಲ್ಲಿ ಅದಕ್ಕೂ ಒಂದು ಪಾಲು ಇರಬೇಕು. ಹೊಸ ಕೈಗಾರಿಕಾ ಪ್ರದೇಶದಲ್ಲಿ ಮೊದಲು ಶಾಲೆ, ಬಸ್ಸು ಮತ್ತು ವಸತಿ, ಆಮೇಲೆ ಕಾರ್ಖಾನೆ ಎಂಬ ಕ್ರಮ ಬರಬೇಕು. ಕೊಳೆನೀರಿನ ಘಟಕದಂತೆ ದಶಕ ಕಳೆದ ಮೇಲೆ ಬರುವುದಾದರೆ ಹಳೆಯ ಅನ್ಯಾಯವನ್ನೇ ಹೊಸ ನೆಲದ ಮೇಲೆ ಮತ್ತೆ ಬಿತ್ತಿದಂತೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನಾನೊಬ್ಬ ನ್ಯಾಯವಂತನೆಂದು ನನಗೇ ಅನ್ನಿಸುತ್ತಿತ್ತು. ಆದರೆ ಮಗಳು ಎಲ್ಲವನ್ನೂ ಕೇಳಿಸಿಕೊಂಡು, "ಹಾಗಾದರೆ ನನ್ನ ಕನ್ನಡ ಯಾರ ಕಲಮಿಗೆ ಅಪ್ಪ?" ಎಂದುಬಿಟ್ಟಳು.

ಪ್ರಶ್ನೆ ನ್ಯಾಯವಾದದ್ದೇ. ಅವಳು ಎಂಟನೆಯ ತರಗತಿಗೆ ಬರುವವರೆಗೆ ಭಾನುವಾರ ಬೆಳಗಿನ ಎರಡು ಗಂಟೆ ಕನ್ನಡಕ್ಕೆ ಮೀಸಲಾಗಿತ್ತು. ನಾವಿಬ್ಬರೂ ಕೂತು ಅಕ್ಷರ ತಿದ್ದಿ, ಕಥೆ ಓದುತ್ತಿದ್ದೆವು. ಒಮ್ಮೊಮ್ಮೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಿಗೂ ಕರೆದೊಯ್ಯುತ್ತಿದ್ದೆ. ಇಲ್ಲಿಂದ ಒಂದು ಗಂಟೆಗೂ ಮೀರಿದ ಪ್ರಯಾಣ. ಎಂಟನೆಯ ತರಗತಿಯಲ್ಲಿ ನೆರೆಹೊರೆಯವರೆಲ್ಲ ಮಕ್ಕಳನ್ನು ಎಂಜಿನಿಯರಿಂಗ್ ಪ್ರವೇಶದ ತರಬೇತಿಗೆ ಸೇರಿಸಿದರು, ನಾವೂ ಸೇರಿಸಿದೆವು. ಆ ತರಬೇತಿ ಭಾನುವಾರ ಬೆಳಿಗ್ಗೆ. ಶುಲ್ಕದ ಚೀಟಿಯನ್ನು ನಾನು ಜೋಪಾನವಾಗಿ ಕಡತಕ್ಕೆ ಸೇರಿಸಿದೆ. ಬಿಟ್ಟುಕೊಟ್ಟ ಎರಡು ಗಂಟೆಗೆ ಯಾವ ಚೀಟಿಯೂ ಇರಲಿಲ್ಲ. ಮೂರು ವರ್ಷಗಳ ಬಳಿಕ ಅವಳು ವಿಜ್ಞಾನ ಬೇಡವೆಂದು ವಾಣಿಜ್ಯವನ್ನು ಆರಿಸಿಕೊಂಡಳು. ಅದು ಅವಳ ಹಕ್ಕು, ಅದಕ್ಕೆ ಬೇಸರವಿಲ್ಲ. ಬೇಸರವಿರುವುದು ಇಷ್ಟಕ್ಕೆ: ಅವಳ ಅಜ್ಜಿ ಊರಿನಿಂದ ದೂರವಾಣಿಯಲ್ಲಿ ಮಾತಾಡಿದರೆ ಅವಳಿಗೆ ಎಲ್ಲವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷಿನಲ್ಲಿ ಹೋಗುತ್ತದೆ. ಅಜ್ಜಿ "ಹ್ಞೂಂ ಕಣವ್ವ" ಎಂದು ಫೋನನ್ನು ನನಗೆ ಕೊಡಿಸುತ್ತಾರೆ. ಆ ಆಯ್ಕೆಯ ವೆಚ್ಚವನ್ನು ತೆತ್ತದ್ದು ಆಯ್ಕೆ ಮಾಡಿದ ನಾನಲ್ಲ, ಎಪ್ಪತ್ತೆಂಟರ ಆ ಮುದುಕಿ. ಸರ್ಕಾರವನ್ನು ಕೇಳಬೇಕೆಂದಿದ್ದ ಪ್ರಶ್ನೆಯನ್ನು ನನ್ನ ಮನೆಯಲ್ಲಿ ನಾನೇ ಕೇಳಿಕೊಂಡಿರಲಿಲ್ಲ.

ಹೊರನಾಡಿನಲ್ಲಿ ನಾವು ಒಂದು ಮಾತನ್ನು ಅಭ್ಯಾಸಬಲದಿಂದ ಆಡುತ್ತೇವೆ: ಮನೆಮಾತು ತಾನಾಗಿಯೇ ಬರುತ್ತದೆ, ಅದಕ್ಕೇನೂ ಖರ್ಚಿಲ್ಲ. ಕರ್ನಾಟಕದ ಊರೊಂದರಲ್ಲಿ ಇದು ಬಹುಮಟ್ಟಿಗೆ ನಿಜ. ಬೀದಿ, ಬಸ್ಸು, ಅಂಗಡಿಯ ಫಲಕ ಎಲ್ಲವೂ ಸೇರಿ ಅಲ್ಲಿ ಕಲಿಸುತ್ತವೆ. ಇಲ್ಲಿ ಹಾಗಲ್ಲ. ಇಲ್ಲಿ ಕನ್ನಡಕ್ಕೆ ಬೆಲೆಯಿದೆ: ಒಂದು ಭಾನುವಾರ, ಒಂದು ತರಬೇತಿ, ಒಂದು ನಿದ್ದೆ. ಬೆಲೆಯಿಲ್ಲವೆಂದು ನಂಬಿದವರು ಅದನ್ನು ತೆರುವುದೂ ಇಲ್ಲ, ಮತ್ತು ಹತ್ತು ವರ್ಷಗಳ ಬಳಿಕ ಮಕ್ಕಳನ್ನು ದೂರುತ್ತಾರೆ. ಕನ್ನಡ ಉಚಿತವಲ್ಲ ಎಂದು ಒಪ್ಪಿಕೊಳ್ಳುವುದೇ ಅದನ್ನು ಉಳಿಸಿಕೊಳ್ಳುವ ಮೊದಲ ಹೆಜ್ಜೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಲೆಕ್ಕ ಹಾಕಿದ ಮೇಲೂ ಬೇಡವೆಂದು ಯಾರಾದರೂ ನಿರ್ಧರಿಸಿದರೆ ಅದನ್ನು ಗೌರವಿಸೋಣ. ಲೆಕ್ಕವನ್ನೇ ಹಾಕದೆ ಕಳೆದುಕೊಳ್ಳುವುದಕ್ಕೆ ಮಾತ್ರ ಕ್ಷಮೆಯಿಲ್ಲ.

ಲೆಕ್ಕ ಹಾಕಿದರೆ ಕೆಲವೊಮ್ಮೆ ಬೆಲೆ ಅಂದುಕೊಂಡದ್ದಕ್ಕಿಂತ ಕಡಿಮೆಯೂ ಆಗಬಹುದು. ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆ 2018ರಲ್ಲಿ ಬಂತು. ಇದು ಕನ್ನಡಕ್ಕೆ ಇನ್ನೊಂದು ಹೊರೆ ಎಂದು ನಾನೂ ಆಗ ಗೊಣಗಿದವನೇ. ಆದರೆ ಪಠ್ಯದ ರೇಖೆಯಲ್ಲಿ ಜೋಳ ಮತ್ತು ಹತ್ತಿ ಒಂದೇ ಹೊಲಕ್ಕಾಗಿ ಸೆಣಸುವಂತೆ ತೆಲುಗು ಮತ್ತು ಕನ್ನಡ ಸೆಣಸುವುದಿಲ್ಲ. ಎರಡರ ಲಿಪಿಗಳೂ ಒಂದೇ ತಾಯಿಬೇರಿನವು. ತೆಲುಗು ಅಕ್ಷರ ಬಲ್ಲ ಮಗುವಿಗೆ ಕನ್ನಡದ ಪುಟ ಅರ್ಧ ಪರಿಚಿತ. ಒಂದರ ಕಲಿಕೆ ಇನ್ನೊಂದರ ವೆಚ್ಚವನ್ನು ಇಳಿಸುತ್ತದೆ, ರೇಖೆಯನ್ನೇ ಹೊರಕ್ಕೆ ತಳ್ಳುತ್ತದೆ. ಇನ್ನು ನಮ್ಮ ಮನೆಯ ದಿನಚರಿಯನ್ನು ಪ್ರಾಮಾಣಿಕವಾಗಿ ಎಣಿಸಿದಾಗ, ನಾನೂ ಮಗಳೂ ಮೊಬೈಲಿನ ಮುಂದೆ ಕಳೆಯುತ್ತಿದ್ದ ಸಮಯ ಕನ್ನಡಕ್ಕೂ ಗಣಿತಕ್ಕೂ ಸಾಕಾಗಿ ಮಿಗುತ್ತಿತ್ತು. ನಾವು ರೇಖೆಯ ಮೇಲೆ ಇರಲೇ ಇಲ್ಲ. ಐಡಿಪಿಎಲ್‌ನ ನಿಂತ ಯಂತ್ರಗಳಂತೆ ರೇಖೆಯ ಒಳಗೆ ಕೂತು, ಒಂದನ್ನು ಬಿಡದೆ ಇನ್ನೊಂದು ಸಾಧ್ಯವಿಲ್ಲವೆಂದು ನಮ್ಮನ್ನು ನಾವೇ ನಂಬಿಸಿಕೊಂಡಿದ್ದೆವು.

ಸರ್ಕಾರಿ ಕಡತಗಳಲ್ಲಿ ಪ್ರತಿ ಪ್ರಸ್ತಾವಕ್ಕೂ ಆರ್ಥಿಕ ಪರಿಣಾಮವೆಂಬ ಒಂದು ಕಂಡಿಕೆ ಇರುತ್ತದೆ. ಅಲ್ಲಿ ಎಷ್ಟು ಖರ್ಚಾಗುತ್ತದೆಂದು ಬರೆಯುತ್ತೇವೆ. ಅದರ ಕೆಳಗೆ ಇನ್ನೆರಡು ಸಾಲುಗಳು ಇರಬೇಕಿತ್ತು ಎಂದು ಈಚೆಗೆ ಅನ್ನಿಸುತ್ತಿದೆ. ಇದಕ್ಕಾಗಿ ಏನನ್ನು ಬಿಟ್ಟುಕೊಡುತ್ತಿದ್ದೇವೆ? ಬಿಟ್ಟುಕೊಡುತ್ತಿರುವವರು ಯಾರು? ಜೀಡಿಮೆಟ್ಲಾದ ನೆಲದ ಬಗ್ಗೆ ಈ ಎರಡು ಪ್ರಶ್ನೆಗಳಿಗೆ ಉತ್ತರ ಬರುವವರೆಗೆ ನನ್ನ ಫ್ಲಾಟಿನ ಬೆಲೆ ಏರುವುದನ್ನು ನಾನು ಸಂತೋಷದಿಂದ ನೋಡಲಾರೆ.

ಮಗಳು ಕೊನೆಗೆ ತನ್ನ ಪುಸ್ತಕದಲ್ಲಿ ಉದಾಹರಣೆಯಾಗಿ ಬರೆದದ್ದು ಕಾರ್ಖಾನೆಯನ್ನೂ ಅಲ್ಲ, ಕೆರೆಯನ್ನೂ ಅಲ್ಲ. ಭಾನುವಾರದ ಎರಡು ಗಂಟೆ, ಒಂದು ಅಕ್ಷದಲ್ಲಿ ಗಣಿತ, ಇನ್ನೊಂದರಲ್ಲಿ ಕನ್ನಡ. ಅಧ್ಯಾಪಕರು ಸರಿ ಗುರುತು ಹಾಕಿದ್ದಾರೆ. ಈಗ ರಾತ್ರಿ ಊಟದ ನಂತರ ಅರ್ಧ ಗಂಟೆ ಇಬ್ಬರೂ ಕೂತು ಓದುತ್ತೇವೆ. ಅವಳು ಇನ್ನೂ ತಡವರಿಸುತ್ತಾಳೆ. ಒತ್ತಕ್ಷರ ಬಂದಾಗ ಮನಸ್ಸಿನಲ್ಲಿ ತೆಲುಗಿನ ಅಕ್ಷರವನ್ನು ನೆನೆದು ಮುಂದೆ ಹೋಗುತ್ತಾಳೆ. ಹೋದ ವಾರ ಅಜ್ಜಿಗೆ ಕನ್ನಡದಲ್ಲಿ ನಾಲ್ಕು ಸಾಲಿನ ಕಾಗದ ಬರೆದಳು. ಮೂರು ತಪ್ಪುಗಳಿದ್ದವು. ನಾನು ತಿದ್ದದೆ ಅಂಚೆಗೆ ಹಾಕಿದೆ.